ಗೋದಾವರಿಯ ದಕ್ಷಿಣ ತೀರ

ದ್ವಾರಕಾನಾಥ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿ ಇನ್ನೂ ನೆಟ್ಟಗೆ ಕೂತಿರಲಿಲ್ಲ, ಶೇಷಗಿರಿ ದರ್ಭೆಯ ಪವಿತ್ರ ತೊಟ್ಟ ಬೆರಳಿನಿಂದಲೇ ಅದನ್ನು ನಿಲ್ಲಿಸಿಬಿಟ್ಟ. ಟಕ್ ಎಂದ ಸದ್ದಿಗೆ ಕುರ್ಚಿಗಳ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದವರೆಲ್ಲ ತಲೆ ಎತ್ತಿದರು.

"ಏನಾಯ್ತು?" ಎಂದ ದ್ವಾರಕಾನಾಥ.

"ಅದು ಬೇಡ. ಗೋದಾವರಿ ಬೇಡ."

ದ್ವಾರಕಾನಾಥನಿಗೆ ತಲೆಬುಡ ಅರ್ಥವಾಗಲಿಲ್ಲ. ಅವನೇನು ಹುಟ್ಟು ಪುರೋಹಿತನಲ್ಲ. ವಾರವೆಲ್ಲ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಕಂಪ್ಯೂಟರ್ ಚಿಪ್ಪಿನ ಕಂಪನಿಯ ಇಂಜಿನಿಯರು, ಶನಿವಾರ ಭಾನುವಾರ ಪಂಚೆ ಉಟ್ಟು ಸತ್ಯನಾರಾಯಣ ಪೂಜೆ ಮಾಡಿಸುವವನು. ಸ್ಯಾನ್ ಮಟಿಯೋದಿಂದ ಗಿಲ್‌ರಾಯ್‌ವರೆಗಿನ ಕನ್ನಡದವರ ಶುಭಕಾರ್ಯಗಳನ್ನೆಲ್ಲ ಅವನೇ ಹೇಗೋ ನಿಭಾಯಿಸುತ್ತಿದ್ದ. ಸಾವಿನ ಮಂತ್ರ ಮಾತ್ರ ಅವನಿಗೆ ಬಾರದು. ಆಪತ್ತಿಗೆ ಇರಲಿ ಎಂದು ಮೈಸೂರಿನ ಸೋದರಮಾವನ ಕೈಲಿ ಹೇಳಿಸಿ ಕ್ಯಾಸೆಟ್ಟು ಮಾಡಿಕೊಂಡು ಬಂದಿದ್ದ. ಮಾವನ ಗೊಗ್ಗರು ದನಿಯ ಹಿಂದೆ ಅಲ್ಲಿನ ಕಾಗೆ ಕೂಗುವುದು, ಯಾರದೋ ಸೈಕಲ್ಲಿನ ಗಂಟೆ ಎಲ್ಲ ಕೇಳಿಸುತ್ತಿತ್ತು. ಅದನ್ನು ಬಳಸುವ ಹೊತ್ತು ಬಾರದಿರಲಿ ಎಂದು ಅವನ ಹೆಂಡತಿ ಬೀರುವಿನ ಮೂಲೆಗೆ ತಳ್ಳಿದ್ದಳು. ಬಂತು, ಶೇಷಗಿರಿಯ ಹೆಂಡತಿ ವೇದವತಿಯ ಪಾಲಿಗೆ.

ಯಾವ ಕರ್ಮವೇ ಆಗಲಿ, ಎಲ್ಲಿ, ಯಾವಾಗ ಎಂದು ಹೇಳಿಕೊಂಡೇ ಶುರು ಮಾಡಬೇಕು. ಜಂಬೂದ್ವೀಪೇ, ಭರತವರ್ಷೇ, ಭರತಖಂಡೇ ಎಂದು ದೂರದಿಂದ ಹಿಡಿದು, ಗೋದಾವರ್ಯಾಃ ದಕ್ಷಿಣೇ ತೀರೇ ಎಂದು ಹತ್ತಿರಕ್ಕೆ ಬಂದು ನಿಲ್ಲುವ ಆ ಸಾಲು, ದೇವರಿಗೋ ಪಿತೃಗಳಿಗೋ ಬರೆದುಕೊಡುವ ವಿಳಾಸ ಇದ್ದ ಹಾಗೆ. ಶೇಷಗಿರಿ ಅದನ್ನು ಚಿಕ್ಕಂದಿನಿಂದ ಕೇಳಿದವನು, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವನು. ಇವತ್ತು ಹಸಿರು ರೇಷ್ಮೆ ಸೀರೆ ಉಡಿಸಿಕೊಂಡು, ಹಣೆ ತುಂಬ ಕುಂಕುಮ ಇಡಿಸಿಕೊಂಡು ವೇದಾ ಆ ಮರದ ಪೆಟ್ಟಿಗೆಯಲ್ಲಿ ಮಲಗಿರುವಾಗ ಅದೇ ಸಾಲು ಕಿವಿಯಲ್ಲೇ ಸಿಕ್ಕಿಕೊಂಡಿತು. ಗೋದಾವರಿಯ ದಕ್ಷಿಣ ತೀರವಂತೆ. ವೇದಾ ಗೋದಾವರಿಯನ್ನು ಕಣ್ಣಿಂದ ಕಂಡವಳೇ ಅಲ್ಲ.

ದ್ವಾರಕಾನಾಥ ಕುರ್ಚಿಯಿಂದ ಅವನತ್ತ ಬಾಗಿದ. "ಅಮೆರಿಕಾಗೆ ಕೆಲವರು ಕ್ರೌಂಚದ್ವೀಪೇ ಅಂತಾರೆ. ಅದನ್ನ ನಾನೇ ಬಾಯಲ್ಲಿ ಹೇಳ್ತೀನಿ, ಆಮೇಲೆ ಕ್ಯಾಸೆಟ್ಟು ಮುಂದುವರಿಸೋಣ. ಆಗ್ಬಹುದಾ?"

"ಅದೂ ಅಲ್ಲ."

"ಮತ್ತೆ ಯಾವುದು, ಹೇಳಿ."

ಶೇಷಗಿರಿ ಪೆಟ್ಟಿಗೆಯತ್ತ ತಿರುಗಿದ, ಅವಳನ್ನೇ ಕೇಳುವವನಂತೆ.

*

ಕನ್ನಡದವರು ಇಬ್ಬರು ಎದುರಾದರೆ ಹೆಸರು ಕೇಳುವುದಕ್ಕೂ ಮೊದಲು ನಿಮ್ಮೂರು ಯಾವುದು ಎಂದು ಕೇಳುತ್ತಾರೆ. ವೇದವತಿ ಜೀವಮಾನವೆಲ್ಲ ಹೆದರಿದ್ದು ಆ ಪ್ರಶ್ನೆಗೆ. ಅವಳಪ್ಪ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರು. ಬೀರೂರು, ಅರಸೀಕೆರೆ, ಹರಿಹರ, ಮತ್ತೆ ಅರಸೀಕೆರೆ, ಆಮೇಲೆ ಹುಬ್ಬಳ್ಳಿ. ಎಲ್ಲೆಲ್ಲೂ ಅದೇ ಹಳದಿ ಬಣ್ಣದ ಕ್ವಾರ್ಟರ್ಸು, ಅದೇ ಕಲ್ಲಿದ್ದಲ ಹೊಗೆ. ಹುಬ್ಬಳ್ಳಿಯಲ್ಲಿ ಅಪ್ಪ ತೀರಿಕೊಂಡ ಮೇಲೆ, ಹೊಸ ಮಾಸ್ಟರು ಬರುತ್ತಾರೆಂದು ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನವೇ ಮನೆ ಖಾಲಿ ಮಾಡಿದ್ದರು. ಮದುವೆಯಾದ ಮೇಲಾದರೂ ಒಂದು ಕಡೆ ನಿಂತೇನು ಅಂದುಕೊಂಡಳೇನೋ. ಕಟ್ಟಿಕೊಂಡದ್ದು ರೇಡಿಯೋ ಇಂಜಿನಿಯರನ್ನು, ತಂತಿ ಎಳೆದಲ್ಲೆಲ್ಲ ಹೋಗುವ ಆಸಾಮಿಯನ್ನು.

ಹೊಟ್ಟೆಯ ಆಪರೇಷನ್ನಿನ ಹಿಂದಿನ ಸಂಜೆ ಅವಳು ಆಸ್ಪತ್ರೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಶೇಷಗಿರಿ ಕಿಟಕಿಯ ಹತ್ತಿರ ನಿಂತು, ಕಾರು ನಿಲ್ಲಿಸಿದ ಜಾಗದಲ್ಲಿ ಹೊತ್ತು ಮೀರಿತೇನೋ ಎಂದು ಕೆಳಗೆ ಇಣುಕುತ್ತಿದ್ದ.

"ರೀ, ನಮ್ಮೂರು ಯಾವುದು ಅಂತ ಗೊತ್ತಾಯ್ತು ನಂಗೆ."

"ಹೂಂ, ಆಮೇಲೆ ಹೇಳೀಯಂತೆ. ಈಗ ಮಲಕ್ಕೋ."

"ಹೇಳೋದಲ್ಲ, ತೋರಿಸಬೇಕು. ಮನೆಗೆ ಬಂದ್ಮೇಲೆ ತೋರಿಸ್ತೀನಿ."

ಅವಳು ನಗುತ್ತಿದ್ದಳು. ಆ ನಗುವನ್ನಾದರೂ ಸರಿಯಾಗಿ ನೋಡಿದನೇ ಎಂದರೆ ಅದೂ ಇಲ್ಲ. ಮನೆಗೆ ಅವಳು ಬರಲೇ ಇಲ್ಲ. ಮತ್ತಿನಿಂದ ಏಳಲಿಲ್ಲ, ಆಸ್ಪತ್ರೆಯಿಂದ ನೆಟ್ಟಗೆ ಈ ಫ್ಯೂನರಲ್ ಹೋಮಿಗೆ ತಂದರು. ಇವತ್ತು ಬೆಳಿಗ್ಗೆ ಶೇಷಗಿರಿ ಹುಚ್ಚು ಹಿಡಿದವನಂತೆ ಅವಳು ಬಿಡಿಸಿದ್ದ ಚಿತ್ರಗಳನ್ನೆಲ್ಲ ಕ್ಲಾಸೆಟ್ಟಿನಿಂದ ಎಳೆದು ಹಾಕಿ ಒಂದೊಂದನ್ನೇ ತಿರುಗಿಸಿ ನೋಡಿದ. ಗುಡ್ಡಗಳು, ಮರಗಳು, ಆಮೇಲೆ ಬರೀ ಚುಕ್ಕೆಗಳು. ಎಲ್ಲೂ ಊರು ಕಾಣಲಿಲ್ಲ. ಹೇಳುವವಳು ಹೋಗಿಬಿಟ್ಟಿದ್ದಳು.

*

ಕಪ್ಪು ಸೂಟಿನ ಮೇಲ್ವಿಚಾರಕ ಬಾಗಿಲಲ್ಲಿ ಬಂದು ನಿಂತು, ಬಹಳ ಮರ್ಯಾದೆಯಿಂದ, ಗಡಿಯಾರ ನೋಡಿಯೂ ನೋಡದವನಂತೆ ಮಾಡಿದ. ಜಯರಾಮ್ ಎದ್ದು ಬಂದ. ಮಂಡ್ಯದ ಕಡೆಯವನು, ಶೇಷಗಿರಿಯ ಆಫೀಸಿನಲ್ಲಿ ಕಿರಿಯ. ಆಸ್ಪತ್ರೆಯಿಂದ ಈವರೆಗಿನ ಓಡಾಟವೆಲ್ಲ ಅವನದೇ.

"ಸಾರ್, ಆಚೆ ಇನ್ನೊಂದು ಫ್ಯಾಮಿಲಿ ಕಾಯ್ತಾ ಅವ್ರೆ. ನಮಗೆ ಕೊಟ್ಟಿರೋ ಟೈಮು ಮುಗೀತಾ ಬಂತು."

"ಒಂದು ನಿಮಿಷ ಜಯರಾಮ್. ಅವಳ ಜಾಗ ಹೇಳದೆ ಹ್ಯಾಗೆ ಕಳಿಸ್ಲಿ?"

ಹಿಂದಿನ ಸಾಲಿನಲ್ಲಿ ಯಾರೋ ಪಾಪ ಎಂದರು. ಇನ್ಯಾರೋ, ಮಂತ್ರದ ಮಾತಿಗೆಲ್ಲ ಇಷ್ಟು ತಲೆ ಕೆಡಿಸಿಕೊಂಡರೆ ಹೇಗೆ, ನಾಳೆ ಬೂದಿಯನ್ನು ಊರಿಗೆ ಒಯ್ದರಾಯಿತು ಎಂದರು. ಯಾವ ಊರಿಗೆ ಎಂದು ಶೇಷಗಿರಿಗೆ ಕೂಗಬೇಕೆನಿಸಿತು. ಅವನು ಮಗಳ ಕಡೆ ತಿರುಗಿದ. ಹೈಸ್ಕೂಲಿಗೆ ಹೋಗುವ ಮೈಥಿಲಿ, ಯಾರಿಂದಲೋ ತೆಗೆದುಕೊಂಡ ಬಿಳಿ ಸಲ್ವಾರಿನಲ್ಲಿ ಗೋಡೆಗಂಟಿ ನಿಂತಿದ್ದಳು.

"ಮೈಥಿಲಿ, ಅಮ್ಮ ನಿಂಗೇನಾದ್ರೂ ಹೇಳಿದ್ಲಾ? ತನ್ನ ಊರು ಯಾವುದು ಅಂತ?"

ಅವಳು ತಲೆಯಾಡಿಸಿದಳು. "ನೋ, ಅಪ್ಪ. ಷಿ ಜಸ್ಟ್ ಸೆಡ್... ತೋರಿಸ್ತೀನಿ ಅಂದ್ಲು." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡಳು.

ಹದಿನಾರು ವರ್ಷ ಸಂಸಾರ ಮಾಡಿದ ಹೆಂಡತಿ ಎಲ್ಲಿಯವಳು ಎಂದು ಗೊತ್ತಿಲ್ಲದ ಗಂಡ, ನಾಲ್ಕು ಜನರೆದುರು ಕೂತಿದ್ದಾನೆ. "ಹಾಕಿ," ಎಂದ. ದ್ವಾರಕಾನಾಥ ಗುಂಡಿ ಒತ್ತಿದ. ಮೈಸೂರಿನ ಕಾಗೆ ಕೂಗಿತು, ಮಾವನ ದನಿ ಗೋದಾವರಿಯ ದಕ್ಷಿಣ ತೀರಕ್ಕೆ ಬಂದು ನಿಂತಿತು, ಶೇಷಗಿರಿ ಎಳ್ಳುನೀರು ಬಿಟ್ಟ. ಪೆಟ್ಟಿಗೆ ಉರುಳೆಗಳ ಮೇಲೆ ಜಾರಿಕೊಂಡು ಒಳಗೆ ಹೋಯಿತು, ಬಾಗಿಲು ಮುಚ್ಚಿತು. ತಪ್ಪು ವಿಳಾಸಕ್ಕೆ ಕಳಿಸಿಬಿಟ್ಟೆ ಎಂದು ಅವನು ಗಟ್ಟಿಯಾಗಿ ಅಂದದ್ದನ್ನು ಯಾರೂ ಮಾತಾಗಿ ತೆಗೆದುಕೊಳ್ಳಲಿಲ್ಲ. ದುಃಖದಲ್ಲಿ ಜನ ಏನೇನೋ ಅನ್ನುತ್ತಾರೆ.

ಮನೆಯ ಕಡೆ ಜಯರಾಮ್‌ನೇ ಕಾರು ಓಡಿಸಿದ. ಫ್ರೀವೇ ಪಕ್ಕದ ನೀಲಗಿರಿ ಮರಗಳ ವಾಸನೆ ಬಿಸಿಲಿಗೆ ಘಮ್ಮೆಂದು ಕಿಟಕಿಯೊಳಗೆ ನುಗ್ಗಿತು. ಈ ದೇಶಕ್ಕೆ ಬಂದಿಳಿದ ದಿನ ವೇದಾ ಇದೇ ವಾಸನೆಗೆ ಕಾರಿನಲ್ಲಿ ಎದ್ದು ಕೂತಿದ್ದಳು. ನಾವು ಇವನ್ನ ನೀಲಗಿರಿ ಅಂತೀವಿ, ಇಲ್ಲಿಯವರು ತಮ್ಮವೇ ಅಂದ್ಕೊಂಡಿದಾರೆ, ಇವು ಆಸ್ಟ್ರೇಲಿಯಾದವು ರೀ, ನೋರಾ ಊರಿನವು ಎಂದಿದ್ದಳು. ಎಲ್ಲಿ ನೆಟ್ಟರೂ ನಿಂತುಬಿಡ್ತವೆ ನೋಡಿ, ನನ್ನ ಕೈಲಾಗಲ್ಲ ಎಂದೂ ಅಂದಿದ್ದಳು.

*

ಅದಕ್ಕೂ ಮೊದಲು, ಎಂಬತ್ತನೇ ಇಸವಿಯಿಂದ ಮೂರು ವರ್ಷ ಅವರಿದ್ದದ್ದು ಆಲಿಸ್ ಸ್ಪ್ರಿಂಗ್ಸಿನಲ್ಲಿ, ಆಸ್ಟ್ರೇಲಿಯಾದ ನಟ್ಟನಡುವಿನ ಮರಳುಗಾಡಿನ ಊರು. ಶೇಷಗಿರಿ ಟೆಲಿಫೋನಿನ ಗೋಪುರ ನಿಲ್ಲಿಸುವ ಕೆಲಸಕ್ಕೆ ಹೋಗಿದ್ದ. ಅಲ್ಲಿನ ಅಂಗಡಿಸಾಲಿನ ಮರದಡಿ ನೋರಾ ಎಂಬ ಮೂಲನಿವಾಸಿ ಹೆಂಗಸು ಹಲಗೆಯ ಮೇಲೆ ಚುಕ್ಕೆಯಿಟ್ಟು ಚಿತ್ರ ಬರೆಯುತ್ತ ಕೂರುತ್ತಿದ್ದಳು. ತಾಯಿಯ ವಯಸ್ಸಿನವಳು. ಚುಕ್ಕೆ ಕಂಡದ್ದೇ ತಡ, ವೇದಾ ತರಕಾರಿ ಚೀಲ ಪಕ್ಕಕ್ಕಿಟ್ಟು ಅವಳ ಹತ್ತಿರ ನೆಲದ ಮೇಲೇ ಕೂತುಬಿಟ್ಟಳಂತೆ. ಇಬ್ಬರದೂ ಹರಕುಮುರುಕು ಇಂಗ್ಲಿಷು, ಅದಕ್ಕೇ ಚೆನ್ನಾಗಿ ಹೊಂದಿಕೊಂಡಿತು.

ಒಮ್ಮೆ ಶೇಷಗಿರಿಯ ಮೇಲಧಿಕಾರಿಯ ಹೆಂಡತಿ ತಮ್ಮೂರಿನ ಚಿತ್ರಪ್ರದರ್ಶನಕ್ಕೆ ಕರೆದಳು. ವೇದಾ ನೋರಾಳನ್ನೂ ಕರೆದುಕೊಂಡು ಬಂದಳು. ಗೋಡೆಯ ತುಂಬ ನೇರಳೆ ಬೆಟ್ಟ, ನೀಲಿ ಆಕಾಶ, ಮುಂದೆ ಸುಣ್ಣ ಬಳಿದಂತೆ ಬೆಳ್ಳಗಿರುವ ಒಂಟಿ ನೀಲಗಿರಿ ಮರ. ಮೇಲಧಿಕಾರಿಯ ಹೆಂಡತಿ ಒಂದು ಚಿತ್ರದ ಮುಂದೆ ನಿಂತು, ಎಳೆ ವಯಸ್ಸಿನಲ್ಲಿ ಲಂಡನ್ನಿನಲ್ಲಿದ್ದಾಗ ಇಂಥದೊಂದು ಮರದ ಚಿತ್ರ ನೋಡಿ ಅತ್ತುಬಿಟ್ಟಿದ್ದೆ, ಆಸ್ಟ್ರೇಲಿಯಾದವರು ಅಂದರೆ ಯಾರು ಅಂತ ಯಾರಾದರೂ ಕೇಳಿದರೆ ಇದನ್ನು ತೋರಿಸುತ್ತೇನೆ ಎಂದಳು. ಸುಳ್ಳಲ್ಲ, ಅವಳ ಕಣ್ಣಲ್ಲಿ ನೀರಿತ್ತು. ನೋರಾ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಆ ಮರದ ಕೆಳಗೆ ನಮ್ಮತ್ತೆ ಕೂರ್ತಾಳೆ," ಎಂದಳು. "ಅವಳನ್ನ ಯಾಕೆ ಬರೀದೆ ಬಿಟ್ಟ ಅವನು?"

ಶೇಷಗಿರಿ ಮೀಸೆಯಡಿ ನಕ್ಕ. ಮುಂದೆ ಎಷ್ಟೋ ಪಾರ್ಟಿಗಳಲ್ಲಿ ಅದನ್ನು ಒಳ್ಳೆ ತಮಾಷೆಯೆಂದು ಹೇಳಿ ನಗಿಸಿದ. ಹೇಳಿದಾಗಲೆಲ್ಲ ವೇದಾ ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳು.

ಅದೇ ಸಂಜೆ ನೋರಾಳನ್ನು ಊರಾಚೆಯ ಅವಳ ಬಿಡಾರಕ್ಕೆ ಬಿಡಲು ಹೋಗಿದ್ದರು. ಬಿಡಾರದ ಪಕ್ಕದಲ್ಲಿ ನದಿ, ನೀರಿಲ್ಲ, ಮರಳೇ ಮರಳು. ನೋರಾ ಅಲ್ಲಿ ಕೂತು ಅಂಗೈಯಿಂದ ಮರಳನ್ನು ಸಮಮಾಡಿ, ಬೆರಳಿನಿಂದ ಸುತ್ತೊಳಗೊಂದು ಸುತ್ತು ಗೀರಿದಳು. ಇದು ನೀರಿನ ಜಾಗ, ನಮ್ಮಪ್ಪನ ನೆಲ ಎಂದಳು. ಅವಳು ಬರೆಯುತ್ತಿದ್ದದ್ದು ಬರೀ ಅದನ್ನು. ತಂಗಿಯ ಗಂಡನ ನೆಲ ಪಕ್ಕದಲ್ಲೇ ಇದ್ದರೂ ಅದನ್ನು ಮುಟ್ಟುತ್ತಿರಲಿಲ್ಲ, ಅದನ್ನು ಬರೆಯುವ ಹಕ್ಕು ಅವರದು. ಸುತ್ತಿನ ಪಕ್ಕ ಕುದುರೆ ಲಾಳದಂಥ ಒಂದು ಗುರುತು ಹಾಕಿದಳು.

"ಇದೇನು?" ಎಂದಳು ವೇದಾ.

"ಇದು ನಾನು. ಮನುಷ್ಯ ಮರಳಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಎದ್ದು ಹೋದ್ಮೇಲೆ ಉಳಿಯುತ್ತಲ್ಲ, ಆ ಗುರುತು. ಈಗ ನಿಂದು ಹಾಕು."

ವೇದಾ ಖುಷಿಯಿಂದ ಚುಕ್ಕೆ ಇಟ್ಟು, ಎಳೆ ಸುತ್ತಿ, ಅಮ್ಮ ಕಲಿಸಿದ ರಂಗೋಲಿ ಹಾಕಿದಳು. ನೋರಾ ತಲೆದೂಗಿ, ಇದು ಯಾವ ಜಾಗ ಎಂದು ಕೇಳಿದಳು. ಯಾವ ಜಾಗವೂ ಅಲ್ಲ, ಬಾಗಿಲು ಎಲ್ಲಿರುತ್ತದೋ ಅಲ್ಲಿ ಹಾಕುವುದು, ಬೆಳಿಗ್ಗೆ ಗುಡಿಸಿ ಹೊಸದು ಹಾಕುವುದು ಎಂದಳು ವೇದಾ. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ನೋರಾ ಅವಳ ಬೆನ್ನು ಸವರಿದಳು. ವಾಪಸು ದಾರಿಯುದ್ದಕ್ಕೂ ವೇದಾ ಬೆರಳಿಗಂಟಿದ ಮರಳನ್ನು ಉಜ್ಜುತ್ತ ಕೂತಿದ್ದಳು. ಶೇಷಗಿರಿ ರೇಡಿಯೋದಲ್ಲಿ ಕ್ರಿಕೆಟ್ಟು ಹಾಕಿಕೊಂಡ.

*

ಸಾಂಟಾ ಕ್ಲಾರಾಕ್ಕೆ ಬಂದ ಮೇಲೆ ಅವಳು ಚಿತ್ರ ಬರೆಯಲು ಶುರು ಮಾಡಿದಳು. ಗಿಲ್‌ರಾಯ್ ದಾರಿಯ ಬೇಸಿಗೆಯ ಹಳದಿ ಗುಡ್ಡ, ತಪ್ಪಲಲ್ಲಿ ನೀಲಗಿರಿ ಸಾಲು. ನೋಡಿದವರೆಲ್ಲ ಥೇಟು ಕ್ಯಾಲೆಂಡರಿನ ಹಾಗಿದೆ ಎಂದು ಹೊಗಳಿದರು. ಅವಳು ಅವನ್ನೆಲ್ಲ ಗೋಡೆಗೆ ಮುಖ ಮಾಡಿ ಇಟ್ಟಳು. ಇದರಲ್ಲಿ ಯಾರೂ ಕೂತಿಲ್ಲ ಎನ್ನುತ್ತಿದ್ದಳು. ಆಮೇಲೆ ಮೇಲಿನಿಂದ ಹಕ್ಕಿ ನೋಡಿದ ಹಾಗೆ, ಬರೀ ಚುಕ್ಕೆಗಳಲ್ಲಿ ಬರೆಯತೊಡಗಿದಳು. ನೋರಾ ಬರೆಯುವ ಸುತ್ತುಗಳನ್ನೇ ಬರಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈಗ ಅಂಥವಕ್ಕೆ ಜನ ಮುಗಿಬೀಳುತ್ತಿದ್ದಾರೆ ಎಂದು ಶೇಷಗಿರಿ ಬುದ್ಧಿ ಹೇಳಿದ. ಅದು ಅವರಪ್ಪಂದು ರೀ, ನಾನು ಕದಿಯಕ್ಕಾಗುತ್ತಾ ಎಂದಳು.

ಅಪಾರ್ಟ್‌ಮೆಂಟಿನ ಹಾಲಿನಲ್ಲಿ, ಹಿತ್ತಲ ಗಾಜಿನ ಬಾಗಿಲಿಗೆ ಎದುರಾಗಿ ನೆಲದ ಮೇಲೆ ಕೂತು ಅವಳು ಬರೆಯುವುದು. ಒಂದು ಸಂಜೆ ಅವನು ಆಫೀಸಿನಿಂದ ಬಂದಾಗ ತಿಳಿ ಕಂದು ಕಾರ್ಪೆಟ್ಟಿನ ಮೇಲೆ ಕೆಂಪು ಬಣ್ಣದ ಹನಿಗಳು ಕಂಡವು. ಅವತ್ತು ಆಫೀಸಿನಲ್ಲಿ ಏನೋ ಮಾತು ಕೇಳಿಸಿಕೊಂಡು ಬಂದಿದ್ದ.

"ಬಾಡಿಗೆ ಮನೆ ಇದು. ನಿಮ್ಮಪ್ಪನ ಮನೆ ಅಂದ್ಕೊಂಡಿದೀಯಾ?"

ವೇದಾ ಬ್ರಷ್ಷು ನೀರಿಗೆ ಹಾಕಿದಳು. "ನಮ್ಮಪ್ಪನಿಗೂ ಮನೆ ಇರ್ಲಿಲ್ಲ ಬಿಡಿ," ಎಂದಳು. ಅಷ್ಟೇ. ಮಾರನೆಯ ದಿನ ಆ ಜಾಗದ ಮೇಲೆ ನೀಲಿ ಪಟ್ಟೆಯ ಜಮಖಾನ ಬಂತು. ಹೆಂಡತಿಗೆ ಬುದ್ಧಿ ಬಂತೆಂದು ಶೇಷಗಿರಿ ಸುಮ್ಮನಾದ. ಆ ಜಮಖಾನವನ್ನು ಅವನು ಒಂದು ದಿನವೂ ಎತ್ತಿ ನೋಡಲಿಲ್ಲ.

*

ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ಮೇಲಿನ ಅಪಾರ್ಟ್‌ಮೆಂಟಿನ ಹುಡುಗನ ತಾಯಿ, ಧಾರವಾಡದ ಕಾಶವ್ವ, ಹಾಲಿನ ನಡುವೆ ಹಿತ್ತಾಳೆಯ ದೀಪ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಎಣ್ಣೆ ಹಾಕಿತ್ತು, ಬತ್ತಿ ಇತ್ತು, ಹಚ್ಚಿರಲಿಲ್ಲ. ಸುಟ್ಟು ಬಂದವರು ದೀಪ ನೋಡಿಕೊಂಡು ತಂತಮ್ಮ ಮನೆಗೆ ಹೋಗುವುದು ರೂಢಿ. ಜಯರಾಮ್, ದ್ವಾರಕಾನಾಥ, ಇನ್ನಿಬ್ಬರು ಚಪ್ಪಲಿ ಬಿಟ್ಟು ಬಂದು ಗೋಡೆಯ ಪಕ್ಕ ನಿಂತರು.

"ಸಿಟ್ಟಾಗಬ್ಯಾಡ ತಮ್ಮಾ," ಎಂದಳು ಕಾಶವ್ವ. "ದೀಪ ಎಲ್ಲಿಡೂದು ಅಂತ ತಿಳೀಲಿಲ್ಲ ನನಗ. ಮಲಗಿಸಿದ್ದ ಜಾಗಾದಾಗ ಇಡಬೇಕು. ಆಕಿ ಮನಿಗೇ ಬರಲಿಲ್ಲಲ್ಲ. ಆಕೀ ಜಾಗಾ ಯಾವುದು, ನೀನಽ ಹೇಳು."

ಮತ್ತೆ ಅದೇ ಪ್ರಶ್ನೆ. ಶೇಷಗಿರಿ ತನ್ನದೇ ಮನೆಯನ್ನು ಅತಿಥಿಯಂತೆ ಸುತ್ತ ನೋಡಿದ. ಸೋಫಾ ಅವನದು, ಟೀವಿಯ ಎದುರಿನ ಕುರ್ಚಿ ಅವನದು, ಮೇಜು ಮಗಳ ಓದಿಗೆ. ಅಡಿಗೆಮನೆ ಎಂದು ಹೇಳಬಹುದಿತ್ತು, ಹೇಳಲು ನಾಚಿಕೆಯಾಯಿತು. ಇದ್ದಕ್ಕಿದ್ದಂತೆ ಅವನು ಬಾಗಿಲ ಹತ್ತಿರವೇ ನೆಲದ ಮೇಲೆ ಕೂತುಬಿಟ್ಟ.

"ನಂಗೊತ್ತಿಲ್ಲ ಕಾಶವ್ವ. ಅವಳ ಜಾಗ ಯಾವುದು ಅಂತ ನಂಗೊತ್ತಿಲ್ಲ. ಅಲ್ಲೂ ಕೇಳಿದ್ರು, ಇಲ್ಲೂ ಕೇಳ್ತೀರಿ. ನಂಗೊತ್ತಿಲ್ಲ."

ಅವನು ಅಳುವುದನ್ನು ಯಾರೂ ಕಂಡಿರಲಿಲ್ಲ. ಹೆಣದ ಮುಂದೆಯೂ ಅವನು ಅತ್ತಿರಲಿಲ್ಲ. ಈಗ ದೊಡ್ಡ ದನಿ ತೆಗೆದು ಅಳುತ್ತಿದ್ದ. ಜಯರಾಮ್ ಮುಖ ಆಚೆ ತಿರುಗಿಸಿಕೊಂಡ.

ಮೈಥಿಲಿ ಸದ್ದಿಲ್ಲದೆ ಗಾಜಿನ ಬಾಗಿಲ ಹತ್ತಿರ ಹೋದಳು.

"ಅಪ್ಪ. ಹಿಯರ್. ಷಿ ಸ್ಯಾಟ್ ಹಿಯರ್." ಆಮೇಲೆ, ಅವನಿಗೆ ಅರ್ಥವಾಗಬೇಕೆಂಬಂತೆ, ತಡವರಿಸುತ್ತ ಕನ್ನಡದಲ್ಲಿ ಹೇಳಿದಳು. "ನೀವು ಆಫೀಸ್ ಹೋದ್ಮೇಲೆ ಡೈಲಿ ಇದನ್ನ ಸುತ್ತಿಡ್ತಾ ಇದ್ಲು. ನೀವು ಬರೋ ಮುಂಚೆ ಹಾಕ್ತಾ ಇದ್ಲು. ನಿಮಗೆ ಹೇಳ್ಬೇಡ ಅಂದಿದ್ಲು."

"ಜಮಖಾನ ತಗೀ ಮಗಳಽ," ಎಂದಳು ಕಾಶವ್ವ. "ಬರೀ ನೆಲದ ಮ್ಯಾಲ ಇಡಬೇಕು ದೀಪ."

ಮೈಥಿಲಿ ಜಮಖಾನದ ಅಂಚು ಹಿಡಿದು ಮಡಿಚಿದಳು. ಗೋಡೆಯ ಪಕ್ಕ ನಿಂತವರು ಒಂದು ಹೆಜ್ಜೆ ಮುಂದೆ ಬಂದು ನಿಂತರು. ಕಾರ್ಪೆಟ್ಟಿನ ತುಂಬ ಬಣ್ಣದ ಹನಿಗಳು, ಕೆಂಪು, ಬಿಳಿ, ಅರಿಸಿನ, ಕಪ್ಪು. ಒಂದರ ಮೇಲೊಂದು, ಒಂದರ ಪಕ್ಕ ಇನ್ನೊಂದು, ವರ್ಷಗಟ್ಟಲೆ ಬಿದ್ದು ಬಿದ್ದು ಒಣಗಿದವು. ನಡುವೆ ಮಾತ್ರ ಒಂದು ಹನಿಯೂ ಇಲ್ಲ. ಅಲ್ಲಿ ಕಾರ್ಪೆಟ್ಟಿನ ಜುಂಗು ಸವೆದು, ತಗ್ಗಾಗಿ, ನುಣ್ಣಗಾಗಿತ್ತು. ಎರಡು ಮಂಡಿಯ ಗುರುತು ಎಡಕ್ಕೂ ಬಲಕ್ಕೂ, ಹಿಂದೆ ದುಂಡಗೆ, ಮುಂದೆ ಗಾಜಿನ ಬಾಗಿಲ ಕಡೆ ತೆರೆದುಕೊಂಡು, ಕುದುರೆ ಲಾಳದ ಹಾಗೆ.

ಶೇಷಗಿರಿ ಅಂಬೆಗಾಲಿನಲ್ಲೇ ಅಲ್ಲಿಯವರೆಗೆ ಬಂದ. ಅಂಗೈಯನ್ನು ಆ ತಗ್ಗಿನ ಮೇಲೆ ಇಟ್ಟ. ಇದನ್ನೇ ತೋರಿಸಬೇಕೆಂದಿದ್ದಳು. ಇಲ್ಲೇ ಕೂತು, ಅವನು ಹೇಗೆ ಮುಖ ಮಾಡುತ್ತಾನೋ ನೋಡಿ ನಗಬೇಕೆಂದಿದ್ದಳು. ಅಳು ನಿಂತಿತು. ಅದಕ್ಕಿಂತ ಕೆಟ್ಟದ್ದೇನೋ ಎದೆಯಲ್ಲಿ ಬಂದು ಕೂತಿತು.

ದ್ವಾರಕಾನಾಥ ಹಿಂದಿನಿಂದ ಮೆಲ್ಲಗೆ, ಪ್ಲೇಟು ಕೆಳಗಿಟ್ಟು ದೀಪ ಇಡೋಣ, ಕಾರ್ಪೆಟ್ಟು ಹಾಳಾದೀತು ಎಂದ.

ಶೇಷಗಿರಿ ಕೈ ಚಾಚಿ ಕಾಶವ್ವನಿಂದ ದೀಪ ತೆಗೆದುಕೊಂಡ. ಪ್ಲೇಟು ಇಡಲಿಲ್ಲ. ವೇದಾ ಕೂತಿದ್ದ ತಗ್ಗಿನಲ್ಲಿ ದೀಪ ಇಟ್ಟು, ಮೈಥಿಲಿ ಗೀರಿ ಕೊಟ್ಟ ಕಡ್ಡಿಯಿಂದ ಹಚ್ಚಿದ. ಬತ್ತಿಯನ್ನು ಬೆರಳಿನಿಂದ ತುಸು ಮುಂದಕ್ಕೆ ಸರಿಸಿದ. ದೀಪದ ಅಂಚಿನಿಂದ ಎಣ್ಣೆ ಒಂದು ತೊಟ್ಟು ಜಾರಿ, ಕೆಂಪು ಚುಕ್ಕೆಯ ಪಕ್ಕದಲ್ಲಿ ಬಿದ್ದು, ದುಂಡಗೆ ಹರಡಿಕೊಂಡಿತು. ಅವನು ಅದನ್ನು ಒರೆಸಲಿಲ್ಲ.